ತೆನೆಹೂವಿನ ಜಾಗ ಹೇಳಿದವನು

ನನ್ನ ಅಕ್ಕ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಂಟೋನ್ಮೆಂಟಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು. ಹೂವಿನ ಪಾಠವಿದ್ದ ದಿನ ಒಂದು ಗಂಟೆ ಮುಂಚೆಯೇ ಮನೆ ಬಿಟ್ಟು, ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗಿ, ಹೂವಿನವರು ಬಾಡಿತೆಂದು ಪಕ್ಕಕ್ಕಿಟ್ಟ ಲಿಲ್ಲಿಗಳನ್ನು ಕೇಳಿ ಪಡೆದು ಶಾಲೆಗೆ ಒಯ್ಯುತ್ತಿದ್ದಳು. ತಮಿಳು, ಉರ್ದು, ಕನ್ನಡ ಮೂರನ್ನೂ ಬೆರೆಸಿ ಮಾತಾಡುವ ಹುಡುಗಿಯರು ಬ್ಲೇಡಿನಿಂದ ಆ ಹೂಗಳನ್ನು ಉದ್ದಕ್ಕೆ ಸೀಳಿ ಒಳಗೇನಿದೆ ಎಂದು ನೋಡುತ್ತಿದ್ದರು. ಅಕ್ಕ ಮದುವೆಯಾಗಲಿಲ್ಲ. ಹಲಸೂರಿನ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಅಪ್ಪ ಬಿಟ್ಟುಹೋದ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ನನಗಿಂತ ಏಳು ವರ್ಷ ದೊಡ್ಡವಳು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡರು. ಆಮೇಲೆ ನನಗೆ ಎಣ್ಣೆ ಹಚ್ಚಿ ನೀರು ಹಾಕಿದವಳು, ಟೈಫಾಯ್ಡ್ ಬಂದಾಗ ತನ್ನ ಪರೀಕ್ಷೆ ಬಿಟ್ಟು ಪಕ್ಕದಲ್ಲಿ ಕೂತವಳು ಅವಳೇ. ಇಷ್ಟನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ನಾನು ಮಾಡಿದ್ದು ಯಾರಿಗೆ ಮಾಡಿದ್ದು ಎಂಬುದು ತಿಳಿಯುವುದಿಲ್ಲ.

ನಿವೃತ್ತಿಯಾದ ಮೇಲೆ ಅಕ್ಕ ಪ್ರತಿ ಮಳೆಗಾಲ ಚಿಕ್ಕಮಗಳೂರಿನ ಆಚೆಯ ಬೆಟ್ಟಗಳಿಗೆ ಹೋಗತೊಡಗಿದಳು. ಒಂದು ಕೊಡೆ, ಒಂದು ನೋಟ್‌ಬುಕ್ಕು, ಕಾಲಿಗೆ ಜಿಗಣೆ ಹತ್ತದಂತೆ ಕಟ್ಟುವ ದಪ್ಪ ಬಟ್ಟೆಯ ಚೀಲ. ಅಲ್ಲಿ ಯಾವ ಹೂ ಯಾವ ವಾರ ಬಿಟ್ಟಿತು ಎಂದು ಬರೆದಿಡುವುದು ಅವಳ ಕೆಲಸ. ಯಾರೂ ಹೇಳಿದ್ದಲ್ಲ, ಯಾರಿಗೂ ಕೊಡಬೇಕಾದದ್ದೂ ಅಲ್ಲ. ಅವಳಿಗೆ ದಾರಿ ತೋರಿಸಿದವರು ಬೆಟ್ಟದ ಬುಡದ ಹಳ್ಳಿಯ ಒಬ್ಬ ಹಿರಿಯರು; ಅರಣ್ಯ ಇಲಾಖೆಯಲ್ಲಿ ಕಾಡು ಕಾಯುವ ವಾಚರಾಗಿದ್ದು ನಿವೃತ್ತರಾದವರು. ನಮ್ಮ ಮಾತಿನಲ್ಲಿ ಅವರು ಯಾವಾಗಲೂ ‘ವಾಚರು’. ಅವರು ಅಕ್ಕನನ್ನು ಟೀಚರಮ್ಮ ಎನ್ನುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಅವರ ಫೋನು ಬರುತ್ತಿತ್ತು. ಮಳೆ ಎಷ್ಟಾಯಿತು, ಯಾವ ಹಳ್ಳ ತುಂಬಿತು, ಎಲ್ಲಿ ಏನು ಚಿಗುರಿತು ಎಂದು ಅವರು ಹೇಳುವುದು, ಇವಳು ಬರೆದುಕೊಳ್ಳುವುದು. ನಾನು ಆ ಹೊತ್ತಿಗೆ ಅವಳ ಮನೆಗೆ ಹೋದರೆ ಕೈಸನ್ನೆ ಮಾಡಿ ಕೂರಿಸಿ, ಫೋನು ಮುಗಿದ ಮೇಲೆಯೇ ಕಾಫಿ ಕೊಡುತ್ತಿದ್ದಳು.

ನಾನು ಹಳೇ ಮದ್ರಾಸ್ ರಸ್ತೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವನು. ನಿವೃತ್ತಿಯಾಗಿ ಹೊರಮಾವಿನ ಒಂದು ಅಪಾರ್ಟ್‌ಮೆಂಟಿಗೆ ಬಂದೆವು, ನಾನು ಮತ್ತು ನನ್ನ ಹೆಂಡತಿ. ಕಾರ್ಖಾನೆಯಲ್ಲಿ ನಲವತ್ತು ಜನ ನನ್ನ ಮಾತು ಕೇಳುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲಿ ನನ್ನ ಹೆಸರು ಸೆಕ್ಯುರಿಟಿಯವನಿಗೂ ಗೊತ್ತಿರಲಿಲ್ಲ. ಅಲ್ಲಿ ಗಿಡ ಬೆಳೆಸುವವರ ಒಂದು ವಾಟ್ಸಾಪ್ ಗುಂಪಿತ್ತು. ದಿನಾ ಬೆಳಿಗ್ಗೆ ಒಬ್ಬರು ದಾಸವಾಳ, ಇನ್ನೊಬ್ಬರು ಕೆಂಪು ಕಮಲ ಎಂದು ಫೋಟೊ ಹಾಕುತ್ತಿದ್ದರು. ನಾನು ಹಾಕಿದ ತುಂಬೆ, ಶಂಖಪುಷ್ಪಗಳಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅರವತ್ತೆರಡು ವರ್ಷದವನು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುತ್ತಿದ್ದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೆ ಮಾಡಿಕೊಳ್ಳುತ್ತಿದ್ದದ್ದು ನಿಜ.

ಆ ವರ್ಷ ಆಗಸ್ಟಿನ ಕೊನೆಗೆ ಅಕ್ಕ ಮೊದಲ ಸಲ ನನ್ನನ್ನೂ ಬೆಟ್ಟಕ್ಕೆ ಕರೆದಳು. ಮಂಡಿ ನೋವು, ಜೊತೆಗೊಬ್ಬರಿದ್ದರೆ ಒಳ್ಳೆಯದು ಎಂದಳು. ವಾಚರ ಮನೆಯಲ್ಲಿ ಅಕ್ಕಿರೊಟ್ಟಿ ತಿಂದು ಮೂವರೂ ಹೊರಟೆವು. ಎರಡು ಗಂಟೆ ಏರಿದ ಮೇಲೆ, ಬೆಟ್ಟದ ನೆತ್ತಿಯ ಹಿಂಬದಿಯಲ್ಲಿ, ಮಂಜಿನೊಳಗೆ ಒಂದು ಹುಲ್ಲುಬಯಲು ಸಿಕ್ಕಿತು. ಕಾಲಿಟ್ಟಲ್ಲೆಲ್ಲ ನೀರು ಜಿನುಗುತ್ತಿತ್ತು. ಆ ಹಸಿರಿನ ನಡುವೆ, ಅಲ್ಲೊಂದು ಇಲ್ಲೊಂದು ಎಂದು ತೋರಿದ್ದು ಕಣ್ಣು ಹೊಂದಿಕೊಂಡಂತೆ ನೂರಾರು ಆಯಿತು: ಮೊಳದುದ್ದದ ದಂಟು, ಅದರ ತುದಿಯಲ್ಲಿ ರಾಗಿತೆನೆಗಿಂತ ಉದ್ದಕ್ಕೆ ಒತ್ತೊತ್ತಾಗಿ ಗುಲಾಬಿ ಬಣ್ಣದ ಹೂಗಳು.

ಅದು ನೆಲದಲ್ಲಿ ಬೆಳೆಯುವ ಒಂದು ಆರ್ಕಿಡ್. ಎತ್ತರದ ಬೆಟ್ಟಗಳ ಹಸಿ ಹುಲ್ಲುಬಯಲಲ್ಲಿ ಮಾತ್ರ ಬರುತ್ತದೆ. ಅಕ್ಕನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಉದ್ದದ ಲ್ಯಾಟಿನ್ ಹೆಸರಿತ್ತು. ವಾಚರು ಬರೀ ತೆನೆಹೂ ಎನ್ನುತ್ತಿದ್ದರು, ನಮಗೂ ಅದೇ ಬಾಯಿಗೆ ಬಂತು. ಅಕ್ಕ ಮಂಡಿ ನೋವನ್ನು ಮರೆತು ಒದ್ದೆ ಹುಲ್ಲಿನಲ್ಲಿ ಕೂತಳು. ಒಂದು ಹೂವನ್ನು ಮುಟ್ಟದೆ, ಕಡ್ಡಿಯಿಂದ ತೋರಿಸುತ್ತಾ, ಹಿಂದೆ ಮೇಕೆಮರಿಯ ಕೊಂಬಿನ ಹಾಗೆ ಎರಡು ಕೊಳವೆ ಇದೆಯಲ್ಲ, ಅದರೊಳಗೆ ಮಕರಂದ ಇರುತ್ತದೆ ಎಂದಳು. ಮಣ್ಣಿನೊಳಗೆ ಇದಕ್ಕೆ ಎರಡು ಗೆಡ್ಡೆಗಳು: ಒಂದು ಈ ವರ್ಷದ ಹೂವನ್ನು ಸಾಕಿ ಸೊರಗುವುದು, ಇನ್ನೊಂದು ಮುಂದಿನ ವರ್ಷಕ್ಕೆಂದು ತುಂಬಿಕೊಳ್ಳುವುದು. ಮೇಲಿನದೆಲ್ಲ ಒಣಗಿ ಹೋದರೂ ಗಿಡ ಸಾಯುವುದಿಲ್ಲ, ಹೀಗೇ ವರ್ಷ ವರ್ಷ ಬದುಕುತ್ತದೆ. ಈ ಮಣ್ಣಿನಲ್ಲಿರುವ ಒಂದು ಜಾತಿಯ ಬೂಷ್ಟು ಬೇರಿಗೆ ಕೂಡಿಕೊಳ್ಳದಿದ್ದರೆ ಬೀಜ ಮೊಳೆಯುವುದೇ ಇಲ್ಲ ಎಂದೂ ಹೇಳಿದಳು. ನಾನು ಆಗ ಅರ್ಧ ಕೇಳಿಸಿಕೊಳ್ಳುತ್ತಾ, ಒಂದು ಹೂವಿನ ಪಕ್ಕಕ್ಕೆ ನನ್ನ ಕೈ ಹಿಡಿದು, ಅಳತೆ ಗೊತ್ತಾಗಲೆಂದು ಫೋಟೊ ತೆಗೆಯುತ್ತಿದ್ದೆ.

ಇಳಿಯುವಾಗ ಅಕ್ಕ ಮುಂದಿದ್ದಳು. ದಾರಿಯಲ್ಲಿ ನಿಂತು ಹಿಂದೆ ತಿರುಗಿದಳು.

“ಈ ಜಾಗ ನಮ್ಮ ಮೂರು ಜನಕ್ಕೆ ಬಿಟ್ರೆ ಹೊರಗಿನವರಿಗೆ ಗೊತ್ತಿಲ್ಲ ಕಣೋ. ಯಾರಿಗೂ ಹೇಳ್ಬೇಡ.”

ಹೇಳಲ್ಲ ಎಂದೆ. ಹಾಗೆ ಹೇಳುವಾಗ ಸುಳ್ಳು ಹೇಳುವ ಉದ್ದೇಶವಿರಲಿಲ್ಲ.

ಮರುದಿನ ಸಂಜೆ ಹೊರಮಾವಿನ ಮನೆಯಲ್ಲಿ ಕೂತು ಆ ಫೋಟೊವನ್ನು ಗುಂಪಿಗೆ ಹಾಕಿದೆ. ಜಾಗ ಬರೆಯಲಿಲ್ಲ, ಬರೀ ‘ನಮ್ಮ ಬೆಟ್ಟಗಳ ಅಪರೂಪದ ನೆಲದ ಆರ್ಕಿಡ್, ನಾನೇ ಕಂಡದ್ದು’ ಎಂದು ಬರೆದೆ. ‘ನಾನೇ ಕಂಡದ್ದು’ ಎಂಬ ಆ ಎರಡು ಪದ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹತ್ತು ನಿಮಿಷದಲ್ಲಿ ಫೋನು ಟಿಂಗ್ ಟಿಂಗ್ ಎನ್ನತೊಡಗಿತು. ಎಂದೂ ಮಾತಾಡದವರು ಸೂಪರ್ ಸರ್ ಎಂದರು. ಒಬ್ಬರು ನೀವು ಬಾಟನಿ ಪ್ರೊಫೆಸರಾ ಎಂದು ಕೇಳಿದರು. ನಾನು ಅಲ್ಲ ಎನ್ನಲಿಲ್ಲ, ನಗುವ ಮುಖದ ಚಿತ್ರ ಕಳಿಸಿದೆ.

ರಾತ್ರಿ ಊಟಕ್ಕೆ ಮುಂಚೆ ಮೂರನೇ ಮಹಡಿಯವರು ಪ್ರತ್ಯೇಕವಾಗಿ ಮೆಸೇಜು ಮಾಡಿದರು. ಅವರು ಹೊರಮಾವಿನ ಹಳೆಯ ಮನೆತನದವರು. ನಮ್ಮ ಅಪಾರ್ಟ್‌ಮೆಂಟ್ ನಿಂತಿರುವುದೇ ಅವರ ತಾತನ ರಾಗಿ ಹೊಲದಲ್ಲಿ. ಉತ್ಸಾಹದ ಮನುಷ್ಯ, ರಜೆ ಬಂತೆಂದರೆ ಮಿನಿ ಬಸ್ ಗೊತ್ತು ಮಾಡಿ ಹತ್ತು ಹದಿನೈದು ಜನರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುವವರು. ಇದು ಎಲ್ಲಿ ಸರ್, ನಾವೂ ನೋಡಬಹುದಾ ಎಂದು ಕೇಳಿದರು. ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಮಾತು ಕೇಳುವ ಮನುಷ್ಯ ನನ್ನನ್ನು ಕೇಳುತ್ತಿದ್ದಾರೆ. ಫೋಟೊ ತೆಗೆದ ಜಾಗದ ಲೊಕೇಶನ್ ನನ್ನ ಫೋನಿನಲ್ಲಿತ್ತು. ‘ನಿಮಗೆ ಮಾತ್ರ’ ಎಂದು ಬರೆದು ಕಳಿಸಿದೆ. ಅಕ್ಕನ ಮಾತು ನೆನಪಿಗೆ ಬರಲಿಲ್ಲ ಎಂದೇನಲ್ಲ. ಬಂತು. ಒಬ್ಬರಿಗೆ ಹೇಳಿದರೆ ಏನಾಗುತ್ತದೆ ಎಂದು ಅದನ್ನು ಪಕ್ಕಕ್ಕೆ ತಳ್ಳಿದೆ.

ಮೂರು ವಾರದ ನಂತರ ಒಂದು ಸೋಮವಾರ ಬೆಳಿಗ್ಗೆ ಮೂರನೇ ಮಹಡಿಯವರು ನಮ್ಮ ಬಾಗಿಲು ಬಡಿದರು. ಕೈಯಲ್ಲಿ ಒಂದು ಕುಂಡ. ಅದರಲ್ಲಿ ತೆನೆಹೂ. ದಂಟು ಒಂದು ಕಡೆಗೆ ವಾಲಿತ್ತು, ಕೆಳಗಿನ ಹೂಗಳು ಕಂದಿದ್ದವು.

“ನಿಮ್ಮಿಂದ ತಾನೇ ಸರ್ ಇದೆಲ್ಲಾ. ಎಲ್ಲರೂ ಒಂದೊಂದು ತಂದ್ವಿ. ಇದು ನಿಮ್ಗೆ.”

ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಕಿತ್ತದ್ದು ತಪ್ಪು ಎಂದು ನಾನು ಅಲ್ಲೇ ಹೇಳಬೇಕಿತ್ತು. ಥ್ಯಾಂಕ್ಸ್ ಎಂದು ಕುಂಡ ತೆಗೆದುಕೊಂಡೆ. ಅದನ್ನು ವಾಷಿಂಗ್ ಮಷಿನ್ನಿನ ಹಿಂದೆ, ಯುಟಿಲಿಟಿಯ ಮೂಲೆಯಲ್ಲಿ, ಬಕೆಟ್ಟು ಮರೆ ಮಾಡಿ ಇಟ್ಟೆ. ನನ್ನ ಹೆಂಡತಿ ನೋಡಿದಳು. ಅವಳಿಗೆ ಅಕ್ಕ ಹೇಳಿದ ಮಾತು ಗೊತ್ತಿತ್ತು, ಬೆಟ್ಟದಿಂದ ಬಂದ ದಿನ ನಾನೇ ಹೇಳಿದ್ದೆ. ಏನೂ ಕೇಳಲಿಲ್ಲ. ಅವಳು ಕೇಳದೆ ಇದ್ದದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ಅಕ್ಟೋಬರಿನಲ್ಲಿ ಅಕ್ಕ ಫೋನು ಮಾಡಿ, ತೆನೆಹೂ ಈಗ ಕಾಯಿ ಕಟ್ಟಿರುತ್ತದೆ, ಇನ್ನೊಂದು ಸಲ ಹೋಗಿ ನೋಡಿಬರುತ್ತೇನೆ, ಬರುತ್ತೀಯಾ ಎಂದಳು. ನಾನು ಹಲ್ಲು ಕೀಳಿಸಿಕೊಳ್ಳಬೇಕು ಎಂದೆ. ಅವಳೂ ಹೋಗದ ಹಾಗೆ ಮಾಡಲು ನೋಡಿದೆ: ಮಳೆ ಇನ್ನೂ ನಿಂತಿಲ್ಲ, ಜಾರುತ್ತದೆ, ಮಂಡಿ ಹಾಳಾಗುತ್ತದೆ. ಅವಳು ನಕ್ಕು, ನೀನೇನು ನನ್ನ ಅಣ್ಣನಾ ಎಂದು ಫೋನಿಟ್ಟಳು. ಮೂರು ದಿನ ನಾನು ಫೋನು ಸದ್ದು ಮಾಡಿದಾಗಲೆಲ್ಲ ಬೆಚ್ಚುತ್ತಿದ್ದೆ.

ಅವಳು ಬಂದ ಮಾರನೆಯ ದಿನ ಹಲಸೂರಿಗೆ ಹೋದೆ. ಹೋಗದಿದ್ದರೆ ಅನುಮಾನ ಬರುತ್ತದೆ ಎಂಬ ಲೆಕ್ಕಾಚಾರ ನನ್ನದು. ಅಕ್ಕ ಅಡುಗೆಮನೆಯಲ್ಲಿ ಕೂತಿದ್ದಳು, ಒಲೆ ಹಚ್ಚಿರಲಿಲ್ಲ. ಬಯಲಿನ ತುಂಬಾ ಗುಳಿಗಳಿದ್ದವಂತೆ. ಮೊದಲು ಕಾಡುಹಂದಿ ಅಗೆದಿವೆ ಎಂದುಕೊಂಡಳಂತೆ. ಹತ್ತಿರ ಹೋದರೆ ಬಿಸ್ಕತ್ತಿನ ಕಾಗದ, ನೀರಿನ ಬಾಟಲಿ, ಅಗೆದು ಅಗೆದು ಮುರಿದ ಒಂದು ಸೌಟು. ಒಂದು ಸಲ ಬಂದವರ ಗುರುತಲ್ಲ, ಹಲವು ಸಲ ಹಲವರು ಬಂದದ್ದು. ನಾನು ‘ನಿಮಗೆ ಮಾತ್ರ’ ಎಂದು ಕಳಿಸಿದ್ದು ಎಷ್ಟು ಗುಂಪುಗಳನ್ನು ಸುತ್ತಿತ್ತೋ ನನಗೂ ಗೊತ್ತಿರಲಿಲ್ಲ. ಬಯಲಿನ ಮೇಲಂಚಿನಲ್ಲಿ, ಬಂಡೆಯ ಹಿಂದೆ, ಒಂದಿಷ್ಟು ಗಿಡ ಉಳಿದಿದ್ದವು ಅಷ್ಟೆ.

ಆಮೇಲೆ ಅವಳು ಹೇಳಿದ್ದು ನಾನು ಎಣಿಸಿರಲಿಲ್ಲ. ಆ ವರ್ಷ ವಾಚರು ಹತ್ತಿರದ ಒಂದು ಹೋಂಸ್ಟೇಯ ಅತಿಥಿಗಳನ್ನು ಸುತ್ತಾಡಿಸಲು ಕರೆದುಕೊಂಡು ಹೋಗುತ್ತಿದ್ದರು. ಜಾಗ ಗೊತ್ತಿದ್ದದ್ದು ಮೂರೇ ಜನಕ್ಕೆ. ಅಕ್ಕ ಬೆಟ್ಟದಿಂದ ಇಳಿದವಳೇ ನೇರ ಅವರ ಮನೆಗೆ ಹೋಗಿ, ಅವರ ಹೆಂಡತಿ, ಸೊಸೆ ಎಲ್ಲರ ಎದುರಿಗೆ, ನೀವೇ ಕರೆದುಕೊಂಡು ಹೋದಿರಾ ಎಂದು ಕೇಳಿದ್ದಾಳೆ. ಇಲ್ಲ ಟೀಚರಮ್ಮ ಎಂದರಂತೆ. ಹಾಗಾದರೆ ಇನ್ಯಾರು ಎಂದು ಇವಳು ದನಿ ಏರಿಸಿದ್ದಾಳೆ. ಅವರು ಸುಮ್ಮನಾದರಂತೆ. ಕಾಫಿ ಕೊಡಲು ಬಂದ ಸೊಸೆಗೆ ಬೇಡಮ್ಮ ಎಂದು ಹೇಳಿ ಇವಳು ಬಸ್ಸು ಹತ್ತಿದ್ದಾಳೆ.

“ಒಂಬತ್ತು ವರ್ಷ ಕಣೋ,” ಎಂದಳು ಅಕ್ಕ. “ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಲಿಲ್ಲ ಅವರು.”

ನಾನು ಏನು ಹೇಳಿದೆನೋ ಅದನ್ನು ಇದ್ದ ಹಾಗೆ ಬರೆಯುತ್ತೇನೆ. “ಈಗಿನ ಕಾಲದಲ್ಲಿ ಯಾರನ್ನ ಅಂತ ನಂಬ್ತೀಯಾ ಅಕ್ಕಾ,” ಎಂದೆ. ಸುಮ್ಮನಿದ್ದಿದ್ದರೆ ಅದು ಒಂದು ತಪ್ಪಾಗುತ್ತಿತ್ತು. ನಾನು ಸುಮ್ಮನಿರಲಿಲ್ಲ. ತಪ್ಪು ಮಾಡದ ಮನುಷ್ಯನ ಮೇಲೆ, ಅವರ ಮನೆಯಲ್ಲಿ ರೊಟ್ಟಿ ತಿಂದ ಬಾಯಿಂದ, ಇನ್ನೊಂದು ಹಿಡಿ ಮಣ್ಣು ಹಾಕಿದೆ. ಅಕ್ಕ ಹೌದು ಎಂಬಂತೆ ತಲೆಯಾಡಿಸಿದಳು. ಆಮೇಲೆ ನನಗೆಂದು ಎದ್ದು ಒಲೆ ಹಚ್ಚಿದಳು.

ಭಾನುವಾರದ ಫೋನು ನಿಂತಿತು. ಅವರು ಮಾಡಲಿಲ್ಲ, ಇವಳೂ ಮಾಡಲಿಲ್ಲ. ನಾನು ಭಾನುವಾರ ಹೋದಾಗ ಅಕ್ಕ ಹತ್ತು ಗಂಟೆಯ ಹೊತ್ತಿಗೆ ಏನಾದರೊಂದು ಕೆಲಸ ಹಚ್ಚಿಕೊಂಡಿರುತ್ತಿದ್ದಳು: ಡಬ್ಬಿ ತೊಳೆಯುವುದು, ಪುಸ್ತಕದ ಕಪಾಟು ಒರೆಸುವುದು. ನೋಟ್‌ಬುಕ್ಕು ಕಪಾಟಿನೊಳಗೆ ಹೋಯಿತು. ದೀಪಾವಳಿಗೆ ನಮ್ಮ ಮನೆಗೆ ಬರುತ್ತೇನೆಂದಾಗ ನಾನು ಹಿಂದಿನ ದಿನವೇ ಕುಂಡವನ್ನು ಯುಟಿಲಿಟಿಯಿಂದ ತೆಗೆದು ಬಚ್ಚಲಲ್ಲಿಟ್ಟೆ. ಅವಳು ಕೈ ತೊಳೆಯಲು ಅಲ್ಲಿಗೇ ಹೋದರೆ ಎಂದು ಹೆದರಿ ಮಂಚದ ಕೆಳಗೆ ಸರಿಸಿದೆ. ಹಬ್ಬದ ದಿನವೆಲ್ಲ ನಾನು ಆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಒಬ್ಬಟ್ಟಿಗೆ ತುಪ್ಪ ಹಾಕುತ್ತಾ ಅಕ್ಕ ಬಗ್ಗಿದಾಗ ಅವಳ ಕುತ್ತಿಗೆಯ ಮೂಳೆ ಕಂಡಿತು. ಸಣ್ಣಗಾಗಿದ್ದಳು.

ಅವಳನ್ನು ಆಟೊ ಹತ್ತಿಸಿ ಬಂದ ಮೇಲೆ ನನ್ನ ಹೆಂಡತಿ ಪಾತ್ರೆ ತೊಳೆಯುತ್ತಲೇ ಮಾತಾಡಿದಳು. ಹಿಂದೆ ತಿರುಗಲಿಲ್ಲ.

“ಹೂವು ಹೋಯ್ತು, ಅದು ಬಿಡಿ. ಅಕ್ಕಂಗೆ ವಾರಕ್ಕೊಂದು ಸಲ ಫೋನ್ ಮಾಡೋರು ಅಂತ ಒಬ್ರು ಇದ್ರು. ಅವರನ್ನೂ ಕಿತ್ಕೊಂಡ್ರಲ್ರೀ.”

ಆದರೂ ಎರಡು ತಿಂಗಳು ಹಾಗೇ ಕಳೆದೆ. ಪ್ರತಿದಿನ ಇವತ್ತು ಹೇಳುತ್ತೇನೆ ಎಂದುಕೊಳ್ಳುವುದು, ವಾಕಿಂಗಿಗೆ ಹೋಗುವುದು, ಇವತ್ತು ಬೇಡ ಎಂದು ವಾಪಸು ಬರುವುದು. ಅಷ್ಟರಲ್ಲಿ ಕುಂಡದ ಗಿಡದ ಎಲೆ ಹಳದಿಯಾಗಿ, ಕಪ್ಪಾಗಿ, ಮಣ್ಣಿಗೆ ಅಂಟಿಕೊಂಡಿತು. ಮೂರನೇ ಮಹಡಿಯವರ ಬಾಲ್ಕನಿಯಲ್ಲಿದ್ದ ಕುಂಡಗಳಲ್ಲಿ ಈಗ ಸೇವಂತಿಗೆ ಇತ್ತು. ಆ ಆರ್ಕಿಡ್ ಎಲ್ಲರದ್ದೂ ಸತ್ತೋಯ್ತು ಸರ್, ಬೆಂಗಳೂರು ಹವಾಕ್ಕೆ ಆಗಲ್ಲ ಅನ್ಸುತ್ತೆ ಎಂದು ಅವರು ಲಿಫ್ಟಿನಲ್ಲಿ ಹೇಳಿದರು.

ಜನವರಿಯಲ್ಲಿ ಒಂದು ಬೆಳಿಗ್ಗೆ ಕುಂಡದ ಮಣ್ಣನ್ನು ಎಸೆದುಬಿಡೋಣ, ಕಣ್ಣೆದುರು ಇಲ್ಲದಿದ್ದರೆ ಮರೆಯುತ್ತದೆ ಎಂದು ಕೆಳಗೆ ತೆಗೆದುಕೊಂಡು ಹೋದೆ. ಕಸದ ಡಬ್ಬಿಯ ಪಕ್ಕ ಕುಂಡ ಬೋರಲು ಹಾಕಿದೆ. ಮಣ್ಣಿನ ಹೆಂಟೆ ಒಡೆದಾಗ ಒಂದು ಸುಕ್ಕುಗಟ್ಟಿದ ಸಿಪ್ಪೆಯಂಥದ್ದು ಸಿಕ್ಕಿತು. ಅದರ ಪಕ್ಕದಲ್ಲಿ ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು, ಗಟ್ಟಿಯಾಗಿ, ತೇವವಾಗಿ ಇನ್ನೊಂದು ಗೆಡ್ಡೆ. ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ಸುಮಾರು ಹೊತ್ತು ನಿಂತಿದ್ದೆ. ಕಸ ಗುಡಿಸುವ ಹೆಂಗಸು ಏನು ಸಾರ್ ಕಳ್ಕೊಂಡ್ರಾ ಎಂದು ಕೇಳಿದಳು. ಇದನ್ನು ಏನು ಮಾಡಬೇಕೆಂದು ತಿಳಿದಿದ್ದವಳು ನನಗೆ ಗೊತ್ತಿದ್ದಂತೆ ಒಬ್ಬಳೇ. ಮೇಲೆ ಹೋಗಿ ಅಂಗಿ ಬದಲಿಸಿ, ಗೆಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೆ.ಆರ್. ಪುರದವರೆಗೆ ಆಟೊದಲ್ಲಿ ಹೋಗಿ ಅಲ್ಲಿಂದ ಮೆಟ್ರೊ ಹತ್ತಿದೆ. ಹಲಸೂರಿನಲ್ಲಿ ಇಳಿದು ಮೆಟ್ಟಿಲ ಹತ್ತಿರ ಬಂದಾಗ ವಾಪಸು ಹೋಗಿಬಿಡಲೇ ಅನ್ನಿಸಿತು. ಹಿಂದಿನಿಂದ ಜನ ತಳ್ಳುತ್ತಿದ್ದರು, ಇಳಿದೆ.

ಅಕ್ಕ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎದುರಿಗೆ ಕೂತು ಬಟ್ಟೆ ಬಿಚ್ಚಿದೆ. ಅವಳು ಕನ್ನಡಕ ಮೇಲೆ ಸರಿಸಿ ನೋಡಿದಳು. ಅವಳಿಗೆ ಅದೇನೆಂದು ನಾನು ಹೇಳಬೇಕಾಗಲಿಲ್ಲ. ಎಲ್ಲಿಂದ ಬಂತು ಎಂಬುದನ್ನು ಹೇಳಿದೆ. ಫೋಟೊ, ಗುಂಪು, ಮೂರನೇ ಮಹಡಿ, ಲೊಕೇಶನ್, ವಾಷಿಂಗ್ ಮಷಿನ್, ಮಂಚದ ಕೆಳಗೆ, ಎಲ್ಲ. ಹೇಳುವಾಗ ಅವಳ ಮುಖ ನೋಡಲಾಗದೆ ಮೊರದಲ್ಲಿದ್ದ ಕಾಳು ನೋಡುತ್ತಿದ್ದೆ. ಅವಳ ಕೈ ನಿಂತಿತ್ತು.

“ನಾನು ಅವರ ಮನೆಗೆ ಹೋಗಿ ಕೂಗಾಡಿ ಬಂದೆ ಅಂತ ಹೇಳಿದ್ನಲ್ಲ. ಆವತ್ತು ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಆ ಮಾತು ಹೇಳ್ದೆ.”

ನಾನು ಹೂಂ ಎಂದೆ. ಯಾವ ಮಾತು ಎಂದು ಇಬ್ಬರಿಗೂ ತಿಳಿದಿತ್ತು. ಅವಳು ಎದ್ದು ಒಳಗೆ ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಬಾಗಿಲು ಹಾಕಿಕೊಂಡು ಹೋಗು ಎನ್ನುತ್ತಾಳೆ ಎಂದು ಕಾದೆ. ಅವಳು ಫೋನು ಹಿಡಿದು ಬಂದು, ನಂಬರು ಒತ್ತಿ, ಸ್ಪೀಕರ್ ಹಾಕಿ ಅವರೆಕಾಳಿನ ಮೊರದ ಪಕ್ಕ ಇಟ್ಟಳು. ನೀನೇ ಮಾತಾಡು ಎಂದಳು.

ಅತ್ತ ಕಡೆ ರಿಂಗಾಗುವಷ್ಟು ಹೊತ್ತೂ ಅವರು ಎತ್ತದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಎತ್ತಿದರು. ಟೀಚರಮ್ಮಾ ಎಂದರು. ನಾನು ಯಾರೆಂದು ಹೇಳಿದೆ. ಜಾಗ ಹೇಳಿದವನು ನಾನು, ಅಕ್ಕನಿಗೆ ಇವತ್ತಿನ ತನಕ ಗೊತ್ತಿರಲಿಲ್ಲ, ನಿಮ್ಮ ಮೇಲೆ ಬಂದದ್ದನ್ನು ನೋಡಿಕೊಂಡು ಸುಮ್ಮನಿದ್ದೆ, ತಪ್ಪಾಯಿತು ಎಂದೆ. ಆ ಮಾತುಗಳನ್ನು ಮೆಟ್ರೊದಲ್ಲಿ ಜೋಡಿಸಿಕೊಂಡಿದ್ದೆ. ಹೊರಗೆ ಬಂದಾಗ ಅವು ತೀರ ಕಡಿಮೆ ಎನ್ನಿಸಿದವು.

“ನಂಗೆ ಗೊತ್ತಿತ್ತು ಸಾರ್,” ಎಂದರು ಅವರು.

ಮೊದಲ ಗುಂಪಿನವರು ಬಂದಾಗ ದಾರಿ ಕೇಳಿದ್ದು ಅವರನ್ನೇ. ಫೋನಿನಲ್ಲಿ ಫೋಟೊ ತೋರಿಸಿದ್ದಾರೆ. ಹೂವಿನ ಪಕ್ಕ ನನ್ನ ಕೈ; ಕೈಯಲ್ಲಿ ಹವಳದ ಉಂಗುರ. ಆ ಉಂಗುರ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಅವರು ನೋಡಿದ್ದರು. ಆ ಕಡೆ ಹೋಗಬೇಡಿ ಎಂದು ಅವರು ಹೇಳಿ ಕಳಿಸಿದರೂ ಬಂದವರು ಫೋನು ನೋಡಿಕೊಂಡು ಬೇರೆ ದಾರಿಯಿಂದ ಹತ್ತಿದ್ದರು. ಹಾಗೆ ಹತ್ತಿದ್ದು ವಾಚರಿಗೆ ತಿಳಿದದ್ದು ಅಕ್ಕ ಹೋಗಿ ಕೇಳಿದ ದಿನವೇ. ಅಕ್ಕ ಬಗ್ಗಿ ಫೋನಿನ ಹತ್ತಿರ ಬಂದಳು.

“ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ ನನಗೆ?”

ಫೋನಿನಲ್ಲಿ ಅವರ ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು.

“ಹೇಳ್ಬೋದಿತ್ತು ಟೀಚರಮ್ಮ. ಇಷ್ಟು ವರ್ಷ ನನ್ನ ನೋಡಿದೋರು ನೀವು ಹಂಗೆ ಕೇಳಿಬಿಟ್ರಲ್ಲ. ಬಾಯೇ ಬರ್ಲಿಲ್ಲ. ಸಿಟ್ಟೂ ಬಂತು.”

ಅಕ್ಕ ಫೋನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅವಳು ಏನು ಹೇಳಿದಳೋ ನನಗೆ ಕೇಳಲಿಲ್ಲ. ದನಿ ಮಾತ್ರ, ಬಹಳ ತಗ್ಗಿದ ದನಿ, ನಡುನಡುವೆ ನಿಂತು ನಿಂತು ಬರುತ್ತಿತ್ತು. ಅವಳೂ ಕ್ಷಮೆ ಕೇಳುತ್ತಿದ್ದಾಳೆ ಎಂದು ಗೊತ್ತಾಯಿತು. ಎಪ್ಪತ್ತರ ಹತ್ತಿರದ ನನ್ನ ಅಕ್ಕ, ನನ್ನಿಂದಾಗಿ ಮಾಡಿದ ತಪ್ಪಿಗೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು. ನಾನು ಉಳಿದ ಅವರೆಕಾಯಿ ಸುಲಿದೆ. ಅದೊಂದೇ ನನ್ನಿಂದ ಆಗುವಂಥದ್ದಾಗಿತ್ತು.

ಬಂದವಳು ಗೆಡ್ಡೆಯನ್ನು ಒಣ ಮರಳು ತುಂಬಿದ ಒಂದು ಚಹಾ ಡಬ್ಬಿಯಲ್ಲಿಟ್ಟಳು. ಮಳೆಗೆ ಮುಂಚೆ ತೆಗೆದುಕೊಂಡು ಹೋಗಬೇಕು, ಬದುಕುತ್ತದೆಯೋ ಇಲ್ಲವೋ ಎಂದಳು. ನನ್ನನ್ನು ಬೈಯಲಿಲ್ಲ. ಊಟ ಮಾಡಿಕೊಂಡು ಹೋಗು ಎಂದೂ ಹೇಳಲಿಲ್ಲ. ನಮ್ಮ ಬದುಕಿನಲ್ಲಿ ಅದೇ ಮೊದಲು.

ಅದೇ ವಾರ ನಾನು ಮೂರನೇ ಮಹಡಿಗೆ ಹೋದೆ. ಆ ಜಾಗ ಇನ್ನು ಯಾರಿಗೂ ಕಳಿಸಬೇಡಿ, ಅದು ಕೀಳುವ ಹೂವಲ್ಲ, ಮೊದಲೇ ಹೇಳದ್ದು ನನ್ನ ತಪ್ಪು ಎಂದೆ. ಅವರು ಬೆಪ್ಪಾಗಿ ನೋಡಿದರು. ನೀವೇ ಕೊಟ್ಟಿದ್ರಲ್ಲ ಸರ್ ಎಂದರು. ಹೌದು, ನಾನೇ ಕೊಟ್ಟದ್ದು ಎಂದೆ. ಅವರು ತಮ್ಮ ಮೆಸೇಜುಗಳನ್ನು ಅಳಿಸಿದರು. ಅವರಿಂದ ಪಡೆದವರು ಯಾರು ಯಾರು ಎಂದು ನೆನಪಿದ್ದಷ್ಟು ಜನಕ್ಕೆ ಫೋನು ಮಾಡಿದರು. ಒಳ್ಳೆಯ ಮನುಷ್ಯ. ಆದರೆ ಹೋದದ್ದು ಹೋಯಿತು. ಗಿಡದ ಗುಂಪಿನಲ್ಲಿಯೂ, ಆ ಹೂ ನಾನು ಕಂಡದ್ದಲ್ಲ, ನನಗೆ ತೋರಿಸಿದವರು ಬೇರೆ, ಅವರ ಮಾತು ಮೀರಿ ನಾನು ಹಾಕಿದೆ ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಒಬ್ಬರು ಗುಲಾಬಿ ಗಿಡಕ್ಕೆ ಬಿಳಿ ಹುಳ ಬಿದ್ದರೆ ಏನು ಹಾಕಬೇಕು ಎಂದು ಕೇಳಿದರು.

ಮೇ ತಿಂಗಳ ಕೊನೆಗೆ ಅಕ್ಕ ಬೆಟ್ಟಕ್ಕೆ ಹೊರಟಳು. ನಾನೂ ಬರಲೇ ಎಂದು ಕೇಳುವಷ್ಟು ದಡ್ಡನಲ್ಲ, ಆದರೂ ಕೇಳಿದೆ. ನೀನು ಬರೋದು ಬೇಡ ಎಂದಳು. ಮೆಜೆಸ್ಟಿಕ್ಕಿನ ತನಕ ಬ್ಯಾಗು ಹಿಡಿದು ಹೋದೆ. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಅವಳು ಚಹಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಬಸ್ಸು ಹೊರಡುವಾಗ ಕೈ ಬೀಸಲಿಲ್ಲ, ಮಾತ್ರೆ ಡಬ್ಬಿ ಬ್ಯಾಗಿನ ಯಾವ ಜೇಬಿನಲ್ಲಿಟ್ಟೆ ಎಂದು ಕೇಳಿದಳು. ನಾನು ಹೇಳಿದೆ.

ಅವಳೂ ವಾಚರೂ ಹತ್ತಿ, ಅದನ್ನು ಎಲ್ಲಿಯೋ ನೆಟ್ಟು ಬಂದರು. ಅವರ ಹೆಂಡತಿ ಮೊದಲ ದಿನ ಅಕ್ಕನ ಜೊತೆ ಸರಿಯಾಗಿ ಮಾತಾಡಲಿಲ್ಲವಂತೆ. ಎರಡನೇ ದಿನ ಬುತ್ತಿ ಕಟ್ಟಿಕೊಟ್ಟರಂತೆ. ಭಾನುವಾರದ ಫೋನು ಮತ್ತೆ ಶುರುವಾಗಿದೆ. ಮೊದಲಿನಷ್ಟು ಉದ್ದವಿಲ್ಲ ಎಂದು ನನಗೆ ಅನ್ನಿಸುತ್ತದೆ, ಇರಬಹುದು. ನಾನು ಈಗಲೂ ಭಾನುವಾರ ಹೋಗುತ್ತೇನೆ. ಫೋನು ಬಂದರೆ ಅಕ್ಕ ಎದ್ದು ಹಿತ್ತಿಲಿಗೆ ಹೋಗುತ್ತಾಳೆ. ಬೇಕೆಂದು ಮಾಡುತ್ತಾಳೋ, ಅಭ್ಯಾಸವಾಗಿದೆಯೋ, ನಾನು ಕೇಳಿಲ್ಲ. ಮೊದಲು ನನ್ನೆದುರಿಗೇ ಕೂತು ಮಾತಾಡುತ್ತಿದ್ದವಳು.

ಕಳೆದ ಸೆಪ್ಟೆಂಬರಿನಲ್ಲಿ ಅವಳು ಮತ್ತೆ ಹೋಗಿ ಬಂದಿದ್ದಳು. ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದೆ, ನೆಟ್ಟದ್ದು ಚಿಗುರಿತಾ ಎಂದು. ಅಕ್ಕ ನನ್ನ ತಟ್ಟೆಗೆ ಸಾರು ಬಡಿಸುತ್ತಿದ್ದಳು.

“ಚಿಗುರಿದ್ರೂ ನಿನಗೆ ಹೇಳಲ್ಲ ಕಣೋ.”

ಸಿಟ್ಟಿನಲ್ಲಿ ಹೇಳಲಿಲ್ಲ. ನಾಳೆ ಮಳೆ ಬರಬಹುದು ಎನ್ನುವಂತೆ ಸುಮ್ಮನೆ ಹೇಳಿದಳು. ನಾನು ತಲೆಯಾಡಿಸಿದೆ. ಅವಳು ತನ್ನ ತಟ್ಟೆಗೂ ಬಡಿಸಿಕೊಂಡು, ಉಪ್ಪು ಸಾಕಾ ನೋಡು ಎಂದಳು. ಸಾಕು ಎಂದೆ.